ಪ್ರೋಬಯಾಟಿಕ್ ಬ್ಯಾಕ್ಟೀರಿಯಾಗೆ ಆಲ್ಜಿನೇಟ್ ಕವಚ: ಲ್ಯಾಬ್‌ನಲ್ಲಿ ಹಂತ ಹಂತವಾಗಿ ಮಾಡುವ ಬಗೆ

ಬೆಂದ ಸಬ್ಬಕ್ಕಿ ಕಾಳಿನ ಹಾಗೆ ಕಾಣುವ ಒಂದು ಮಣಿ. ಎರಡೂವರೆ ಮಿಲಿಮೀಟರ್ ಅಡ್ಡಳತೆ, ಮಾಸಲು ಬಿಳಿ ಬಣ್ಣ. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಬಗ್ಗುತ್ತದೆ, ಬಿಟ್ಟರೆ ಮತ್ತೆ ದುಂಡಗಾಗುತ್ತದೆ. ಕೆಲಸ ಸರಿಯಾಗಿ ಆಗಿದ್ದರೆ ಇಂಥ ಒಂದು ಮಣಿಯೊಳಗೆ ಸುಮಾರು 80 ಲಕ್ಷ ಬ್ಯಾಕ್ಟೀರಿಯಾ ಇರುತ್ತವೆ. ಪ್ರೋಬಯಾಟಿಕ್ ಆಹಾರದಲ್ಲಿ ದಿನದ ಪ್ರಮಾಣಕ್ಕೆ ಸಾಮಾನ್ಯವಾಗಿ 10 ಕೋಟಿಗೆ ಕಡಿಮೆ ಇಲ್ಲದಂತೆ ಜೀವಂತ ಬ್ಯಾಕ್ಟೀರಿಯಾ ಇರಬೇಕು ಎನ್ನುತ್ತದೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ. ಲೆಕ್ಕ ಹಾಕಿದರೆ 12-13 ಮಣಿ ಸಾಕು. ಆದರೆ ಅಲ್ಲಿ ‘ಜೀವಂತ’ ಎನ್ನುವ ಮಾತಿದೆ ನೋಡಿ, ಇಡೀ ಕಷ್ಟ ಇರುವುದು ಅಲ್ಲೇ.

ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಎಂಎಸ್ಸಿ ವಿದ್ಯಾರ್ಥಿಗಳ ಜೊತೆ ನಾನು ಪ್ರತಿ ವರ್ಷ ಈ ಮಣಿ ಮಾಡುತ್ತೇನೆ. ಪ್ರಾಜೆಕ್ಟ್‌ಗೆ ಬಂದವರು ಮೊದಲು ಕೇಳುವುದು ‘ಮಣಿ ದುಂಡಗೆ ಬರೋದು ಹೇಗೆ ಮೇಡಂ?’ ಅಂತ. ದುಂಡಗೆ ಬರಲಿ, ಒಳ್ಳೆಯದೇ. ಆದರೆ ನಾನು ಒತ್ತಿ ಹೇಳುವುದು ಬೇರೆ. ಒಂದೊಂದು ಹಂತ ಮುಗಿದಾಗಲೂ ಒಳಗೆ ಎಷ್ಟು ಬದುಕಿವೆ ಎಂದು ಎಣಿಸಬೇಕು. ಎಣಿಸದೆ ಇಟ್ಟ ಮಣಿ ಬರೀ ಜೆಲ್ಲಿ.

ಹೀಗೆ ಬ್ಯಾಕ್ಟೀರಿಯಾವನ್ನು ಸಣ್ಣ ಕವಚದೊಳಗೆ ಸೇರಿಸುವುದಕ್ಕೆ ಮೈಕ್ರೋಎನ್‌ಕ್ಯಾಪ್ಸುಲೇಶನ್ ಎನ್ನುತ್ತಾರೆ, ಅದಕ್ಕೆ ಹಲವು ದಾರಿಗಳಿವೆ. ಇಲ್ಲಿ ಸಿರಿಂಜ್ ಮತ್ತು ಆಲ್ಜಿನೇಟ್ ಬಳಸುವ ದಾರಿಯನ್ನು ಪೂರ್ತಿ ವಿವರಿಸುತ್ತೇನೆ, ಉಳಿದವನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲ ಸಲ ಮಾಡುವವರಿಗೆ ಸಿರಿಂಜೇ ಒಳ್ಳೆಯದು. ಖರ್ಚು ಕಡಿಮೆ, ಬಿಸಿ ಇಲ್ಲ, ತಪ್ಪು ಎಲ್ಲಾಯಿತು ಎನ್ನುವುದು ಕಣ್ಣಿಗೇ ಕಾಣುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. ಲ್ಯಾಬ್‌ನಲ್ಲಿ ಮಾಡಿದ ಮಣಿಯನ್ನು ಯಾರೂ ಬಾಯಿಗೆ ಹಾಕಬಾರದು. ಅಲ್ಲಿನ ರಾಸಾಯನಿಕಗಳು ಆಹಾರ ದರ್ಜೆಯವಲ್ಲ, ಪಾತ್ರೆಗಳಲ್ಲಿ ನಿನ್ನೆ ಯಾವ ಬ್ಯಾಕ್ಟೀರಿಯಾ ಬೆಳೆದಿತ್ತೋ ಗೊತ್ತಿರುವುದಿಲ್ಲ.

ಕವಚ ಯಾಕೆ ಬೇಕು?

ಪ್ರೋಬಯಾಟಿಕ್ ಅಂದರೆ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಜೀವಿ. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಕೊಟ್ಟ ವ್ಯಾಖ್ಯೆಯ ಸಾರ ಇದು. ಹೀಗಾಗಿ ‘ಮನೆ ಮೊಸರೆಲ್ಲ ಪ್ರೋಬಯಾಟಿಕ್’ ಎನ್ನುವ ಮಾತು ಸರಿಯಲ್ಲ. ಮೊಸರು ಒಳ್ಳೆಯ ಆಹಾರ, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರೋಬಯಾಟಿಕ್ ಎಂದು ಕರೆಯಲು ಯಾವ ತಳಿ, ಎಷ್ಟು ಸಂಖ್ಯೆ, ಏನು ಪ್ರಯೋಜನ ಎನ್ನುವುದು ಗೊತ್ತಿರಬೇಕು.

ಈ ತಳಿಗಳು ಬಾಟಲಿಯಿಂದ ಕರುಳು ಮುಟ್ಟುವ ಹೊತ್ತಿಗೆ ಹಲವು ಕಡೆ ಸಾಯುತ್ತವೆ. ಅಂಗಡಿಯ ಶೆಲ್ಫ್‌ನಲ್ಲಿ ತೇವ ಮತ್ತು ಶಾಖ. ಮೊಸರಿನಲ್ಲಿ ಹುಳಿ ಮತ್ತು ಆಮ್ಲಜನಕ. ಹೊಟ್ಟೆಯೊಳಗೆ ಜಠರದ ಆಮ್ಲ, ಊಟವಿಲ್ಲದಾಗ ಅದರ ಪಿಹೆಚ್ 1.5-2ರ ಆಸುಪಾಸು. ಅದನ್ನು ದಾಟಿದರೆ ಸಣ್ಣ ಕರುಳಿನ ಬಾಯಲ್ಲಿ ಪಿತ್ತರಸ ಕಾದಿರುತ್ತದೆ. ಅದು ಸೋಪಿನ ಹಾಗೆ ಕೆಲಸ ಮಾಡಿ ಬ್ಯಾಕ್ಟೀರಿಯಾದ ಹೊರಪೊರೆಯ ಕೊಬ್ಬನ್ನೇ ಕರಗಿಸುತ್ತದೆ. ಕವಚ ಈ ಪೆಟ್ಟುಗಳನ್ನು ತಾಳಿಕೊಳ್ಳಬೇಕು, ಕರುಳಿಗೆ ಹೋದ ಮೇಲೆ ಬಿಚ್ಚಿಕೊಳ್ಳಲೂಬೇಕು. ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತೇನಿಲ್ಲ.

ಆಲ್ಜಿನೇಟ್ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಇದು ಕಂದು ಬಣ್ಣದ ಕಡಲಕಳೆಯಿಂದ ತೆಗೆಯುವ ಅಂಟು. ನಮ್ಮ ದೇಶದಲ್ಲಿ ತಮಿಳುನಾಡಿನ ಮಂಡಪಂ ಕರಾವಳಿಯಲ್ಲಿ ಸರ್ಗಾಸಮ್, ಟರ್ಬಿನೇರಿಯಾ ಎಂಬ ಕಳೆಗಳಿಂದ ತೆಗೆಯುತ್ತಾರೆ. ಸೋಡಿಯಂ ಆಲ್ಜಿನೇಟ್ ನೀರಿನಲ್ಲಿ ಕರಗುತ್ತದೆ. ಅದಕ್ಕೆ ಕ್ಯಾಲ್ಸಿಯಂ ಸಿಕ್ಕ ತಕ್ಷಣ ಪಕ್ಕಪಕ್ಕದ ಸರಪಳಿಗಳ ನಡುವಿನ ಗುಳಿಗಳಲ್ಲಿ ಕ್ಯಾಲ್ಸಿಯಂ ಹೋಗಿ ಕೂರುತ್ತದೆ. ಮೊಟ್ಟೆ ಟ್ರೇ ಮೇಲೆ ಇನ್ನೊಂದು ಟ್ರೇ ಮಗುಚಿಟ್ಟ ಹಾಗೆ. ಬಿಸಿ ಬೇಡ, ವಿಷದ ದ್ರಾವಕ ಬೇಡ, ಕೋಣೆಯ ಉಷ್ಣತೆಯಲ್ಲೇ ಜೆಲ್ ರೆಡಿ. ಜೀವಂತ ಕೋಶಕ್ಕೆ ಇದಕ್ಕಿಂತ ಸೌಮ್ಯವಾದ ದಾರಿ ನನಗೆ ಕಂಡಿಲ್ಲ.

ಕ್ಯಾಲ್ಸಿಯಂ ಬಂದರೆ ಜೆಲ್, ಹೋದರೆ ನೀರು. ಇದೊಂದು ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬರುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಅರ್ಥವಾಗುತ್ತವೆ.

ಜೋಡಿಸಿಕೊಳ್ಳಬೇಕಾದ ಸಾಮಾನು

ತಳಿಗೆ ಲ್ಯಾಕ್ಟೋಬ್ಯಾಸಿಲಸ್ ಕೇಸಿ ಅಥವಾ ರಾಮ್ನೋಸಸ್ ಒಳ್ಳೆಯ ಆಯ್ಕೆ. ಚಂಡೀಗಢದ ಎಂಟಿಸಿಸಿ, ಕರ್ನಾಲ್‌ನ ಎನ್‌ಸಿಡಿಸಿ ಸಂಗ್ರಹಗಳಿಂದ ತರಿಸಿಕೊಳ್ಳಬಹುದು. 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು 25 ಕುಲಗಳಾಗಿ ಒಡೆದರು. ಆಮೇಲೆ ಇವೆರಡೂ ಲ್ಯಾಕ್ಟಿಕೇಸಿಬ್ಯಾಸಿಲಸ್ ಆಗಿವೆ. ತಳಿ ಬರುವ ಗಾಜಿನ ಚಿಕ್ಕ ಸೀಸೆ, ಅಂದರೆ ಆಂಪೂಲ್ ಮೇಲೆ ಹಳೆ ಹೆಸರಿದ್ದು ಪುಸ್ತಕದಲ್ಲಿ ಹೊಸ ಹೆಸರಿದ್ದರೆ ಗಾಬರಿ ಬೇಡ.

ಇದಲ್ಲದೆ ಎಂಆರ್‌ಎಸ್ ಬ್ರಾತ್ ಮತ್ತು ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ ಮತ್ತು ಗಟ್ಟಿ ಮಾಧ್ಯಮ), ಸೋಡಿಯಂ ಆಲ್ಜಿನೇಟ್, ಕ್ಯಾಲ್ಸಿಯಂ ಕ್ಲೋರೈಡ್, ಸೋಡಿಯಂ ಸಿಟ್ರೇಟ್, ಉಪ್ಪು, 10 ಮಿ.ಲೀ. ಸ್ಟೆರೈಲ್ ಸಿರಿಂಜ್‌ಗಳು, 21 ಅಥವಾ 22 ಗೇಜ್ ಸೂಜಿ, ಮ್ಯಾಗ್ನೆಟಿಕ್ ಸ್ಟಿರರ್, ಸ್ಟೀಲ್ ಜರಡಿ ಬೇಕು. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸ್ಟೆರೈಲ್ ಮಾಡುವ ಪಾತ್ರೆ), ಸೆಂಟ್ರಿಫ್ಯೂಜ್, ಲ್ಯಾಮಿನಾರ್ ಫ್ಲೋ (ಶುದ್ಧ ಗಾಳಿ ಬೀಸುವ ಕಪಾಟು), ಇನ್‌ಕ್ಯುಬೇಟರ್ ಹೇಗೂ ಲ್ಯಾಬ್‌ನಲ್ಲಿ ಇರುತ್ತವೆ. ಸೂಜಿಯ ಗೇಜ್ ಸಂಖ್ಯೆ ಜಾಸ್ತಿಯಾದಷ್ಟೂ ತೂತು ಸಣ್ಣದು, ಇದನ್ನು ಉಲ್ಟಾ ತಿಳಿದುಕೊಂಡು ಆರ್ಡರ್ ಮಾಡುವವರು ಬಹಳ.

ನೀರು ಡಿಸ್ಟಿಲ್ಡ್ ಆಗಿರಲೇಬೇಕು. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು, ಅಂದರೆ ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಅಂಥ ನೀರಿಗೆ ಆಲ್ಜಿನೇಟ್ ಹಾಕಿದರೆ ಬಾಟಲಿಯಲ್ಲೇ ಅರೆಬರೆ ಜೆಲ್ ಆಗಿ ತುಣುಕು ತುಣುಕಾಗಿ ತೇಲುತ್ತದೆ. ಸೂಜಿ ಕಟ್ಟಿಕೊಳ್ಳುತ್ತದೆ, ನೀವು ಆಲ್ಜಿನೇಟ್ ಪೌಡರ್ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಹಂತ 1: ಬ್ಯಾಕ್ಟೀರಿಯಾ ಬೆಳೆಸಿ ತೊಳೆಯುವುದು

ಗ್ಲಿಸರಾಲ್ ಸ್ಟಾಕ್‌ನಿಂದ ಅಥವಾ ಆಂಪೂಲ್‌ನಿಂದ ತೆಗೆದ ತಳಿಯನ್ನು 10 ಮಿ.ಲೀ. ಎಂಆರ್‌ಎಸ್ ಬ್ರಾತ್‌ನಲ್ಲಿ 37 ಡಿಗ್ರಿಯಲ್ಲಿ ಒಂದು ರಾತ್ರಿ ಬೆಳೆಸಿ. ಮರುದಿನ ಅದರಿಂದ 1 ಮಿ.ಲೀ. ತೆಗೆದು 100 ಮಿ.ಲೀ. ಹೊಸ ಬ್ರಾತ್‌ಗೆ ಹಾಕಿ, 18ರಿಂದ 20 ಗಂಟೆ ಬಿಡಿ. ಸಂಖ್ಯೆ ಏರುವುದು ನಿಂತು ಬ್ಯಾಕ್ಟೀರಿಯಾ ಸ್ವಲ್ಪ ಹಸಿವು, ಸ್ವಲ್ಪ ಹುಳಿ ಕಂಡ ಹೊತ್ತು ಅದು. ವೇಗವಾಗಿ ಬೆಳೆಯುತ್ತಿರುವ ಎಳೆ ಕೋಶಗಳಿಗಿಂತ ಈ ಹೊತ್ತಿನ ಕೋಶಗಳು ಕಷ್ಟವನ್ನು ಚೆನ್ನಾಗಿ ತಡೆಯುತ್ತವೆ. ಅವಸರದಲ್ಲಿ 8 ಗಂಟೆಗೇ ತೆಗೆದವರ ಮಣಿಗಳು ಆಮ್ಲದ ಪರೀಕ್ಷೆಯಲ್ಲಿ ಸೋಲುವುದನ್ನು ನೋಡಿದ್ದೇನೆ.

ಆಮೇಲೆ 4 ಡಿಗ್ರಿಯಲ್ಲಿ 5000 ಆರ್‌ಪಿಎಂನಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಮೇಲಿನ ಬ್ರಾತ್ ಚೆಲ್ಲಿ, ತಳದಲ್ಲಿ ಕೂತದ್ದನ್ನು 0.85 ಶೇಕಡಾ ಉಪ್ಪುನೀರಿನಲ್ಲಿ ಎರಡು ಸಲ ತೊಳೆಯಿರಿ. ಈ ತೊಳೆಯುವುದನ್ನು ತುಂಬ ಜನ ಒಂದಕ್ಕೇ ಮುಗಿಸುತ್ತಾರೆ. ಎಂಆರ್‌ಎಸ್ ಬ್ರಾತ್‌ನಲ್ಲಿ ಫಾಸ್ಫೇಟ್ ಇದೆ, ಸಿಟ್ರೇಟ್ ಇದೆ. ಎರಡೂ ಕ್ಯಾಲ್ಸಿಯಂ ಕಸಿಯುವ ವಸ್ತುಗಳು. ಅವು ಉಳಿದರೆ ಮಣಿ ಮೆತ್ತಗೆ ಬರುತ್ತದೆ. ಜೊತೆಗೆ ಬೆಳೆದ ಬ್ರಾತ್ ಹುಳಿಯಾಗಿರುತ್ತದೆ, ಆ ಹುಳಿ ಆಲ್ಜಿನೇಟ್ ಅನ್ನೂ ಗಂಟು ಕಟ್ಟಿಸುತ್ತದೆ.

ತೊಳೆದ ಕೋಶಗಳನ್ನು 10 ಮಿ.ಲೀ. ಉಪ್ಪುನೀರಿನಲ್ಲಿ ಕದಡಿ. ಬ್ರಾತ್‌ನಲ್ಲಿ ಮಿ.ಲೀ.ಗೆ 100 ಕೋಟಿ ಇದ್ದರೆ ಇಲ್ಲಿ ಸುಮಾರು 1000 ಕೋಟಿ ಆಗುತ್ತದೆ. ಸುಮಾರು ಎಂದು ಬಿಡಬೇಡಿ. ಇದರಿಂದ 0.1 ಮಿ.ಲೀ. ತೆಗೆದು ತೆಳು ಮಾಡುತ್ತಾ ಹೋಗಿ ಪ್ಲೇಟ್ ಹಾಕಿ, ಅಂದರೆ ಅಗಾರ್ ತಟ್ಟೆಯಲ್ಲಿ ಬೆಳೆಸಿ ಕಾಲೊನಿಗಳನ್ನು (ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಗುಂಪು) ಎಣಿಸಿ. ಇದು ನಿಮ್ಮ ಮೊದಲ ಎಣಿಕೆ. ಉಳಿದ ಎಲ್ಲ ಲೆಕ್ಕವೂ ಇದರ ಮೇಲೆ ನಿಲ್ಲುತ್ತದೆ.

ಹಂತ 2: ಆಲ್ಜಿನೇಟ್ ಕರಗಿಸುವುದು

100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 2.2 ಗ್ರಾಂ ಸೋಡಿಯಂ ಆಲ್ಜಿನೇಟ್. ಆಮೇಲೆ ಇದರ 90 ಮಿ.ಲೀ.ಗೆ 10 ಮಿ.ಲೀ. ಬ್ಯಾಕ್ಟೀರಿಯಾ ಸೇರಿಸಿದಾಗ ಅಳತೆ 2 ಶೇಕಡಾಗೆ ಇಳಿಯುತ್ತದೆ. ನಮಗೆ ಬೇಕಾದ್ದು ಅಷ್ಟೇ.

ರಾಗಿ ಹಿಟ್ಟನ್ನು ಒಮ್ಮೆಲೇ ಸುರಿದರೆ ಮುದ್ದೆ ಗಂಟಾಗುವುದಿಲ್ವಾ, ಆಲ್ಜಿನೇಟ್ ಕೂಡ ಹಾಗೇ. ಹೊರಗೆ ಜೆಲ್ಲಿ, ಒಳಗೆ ಒಣ ಪುಡಿ. ಆಮೇಲೆ ಎಷ್ಟು ತಿರುಗಿಸಿದರೂ ಬಿಡುವುದಿಲ್ಲ. ಸ್ಟಿರರ್ ಜೋರಾಗಿ ಹಾಕಿ ನೀರಿನ ನಡುವೆ ಸುಳಿ ಮಾಡಿ, ಆ ಸುಳಿಯ ಅಂಚಿಗೆ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಪೂರ್ತಿ ಕರಗಲು ಒಂದೆರಡು ಗಂಟೆ ಹಿಡಿಯಬಹುದು. ಜೇನುತುಪ್ಪದ ಹಾಗೆ ಬಿಳಲು ಬಿಟ್ಟು ಸುರಿಯಬೇಕು.

ಇಷ್ಟವಿದ್ದರೆ ಇದಕ್ಕೇ 2 ಗ್ರಾಂ ರೆಸಿಸ್ಟೆಂಟ್ ಸ್ಟಾರ್ಚ್ ಸೇರಿಸಿ. ಇದು ಸಣ್ಣ ಕರುಳಿನಲ್ಲಿ ಜೀರ್ಣವಾಗದ ಪಿಷ್ಟ. ಆಲ್ಜಿನೇಟ್ ಜೆಲ್‌ನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಪಿಷ್ಟದ ಕಣಗಳು ಅವನ್ನು ತುಂಬುತ್ತವೆ. ನನ್ನ ಅನುಭವದಲ್ಲಿ ಇದರಿಂದ ಮಣಿಯ ಆಕಾರವೂ ಚೆನ್ನಾಗಿ ನಿಲ್ಲುತ್ತದೆ.

121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿ. ಶಾಖಕ್ಕೆ ಆಲ್ಜಿನೇಟ್ ಸರಪಳಿ ಸ್ವಲ್ಪ ತುಂಡಾಗಿ ದ್ರಾವಣ ತೆಳುವಾಗುತ್ತದೆ, ಆದ್ದರಿಂದ ಎರಡನೇ ಸಲ ಆಟೋಕ್ಲೇವ್ ಮಾಡಬೇಡಿ. ತಣಿದ ಮೇಲೆ ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಿ. ಗುಳ್ಳೆಗಳೆಲ್ಲ ಮೇಲೆ ಬಂದು ಹೋಗುತ್ತವೆ. ಗುಳ್ಳೆ ಉಳಿದರೆ ಮಣಿ ತೇಲುತ್ತದೆ, ಒಳಗೆ ಪೊಳ್ಳಾಗುತ್ತದೆ.

‘ತಣಿದ ಮೇಲೆ’ ಎನ್ನುವುದಕ್ಕೆ ನಾನು ಬೆಲೆ ತೆತ್ತಿದ್ದೇನೆ. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಸಂಜೆ ರಾತ್ರಿಯಿಡೀ ಕಾಯಲು ಆಗದೆ, ಆಟೋಕ್ಲೇವ್‌ನಿಂದ ತೆಗೆದ ಬಾಟಲಿಯನ್ನು ತಣ್ಣೀರಿನಲ್ಲಿ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಮುಟ್ಟಿ ನೋಡಿದೆ. ಗಾಜು ತಣ್ಣಗಿತ್ತು. ಕೋಶಗಳನ್ನು ಸುರಿದು ಕಲಕಿದೆ. ಮಣಿಗಳು ಬಹಳ ಚೆಂದ ಬಂದವು. ಎರಡು ದಿನ ಬಿಟ್ಟು ಪ್ಲೇಟ್ ತೆಗೆದರೆ ಒಂದೂ ಕಾಲೊನಿ ಇಲ್ಲ. ಗಂಜಿ ಮೇಲೆ ಕೆನೆಗಟ್ಟಿ ತಣ್ಣಗಿದ್ದರೂ ನಡುವೆ ಬಾಯಿ ಸುಡುತ್ತದೆ ಅಲ್ವಾ, ಅದೇ ಆಗಿತ್ತು. ದಪ್ಪ ದ್ರಾವಣದಲ್ಲಿ ಬಿಸಿ ಬೇಗ ಹೊರಗೆ ಬರುವುದಿಲ್ಲ. ಅವತ್ತಿನಿಂದ ಕೈಯನ್ನು ನಂಬುವುದಿಲ್ಲ. ಸ್ಪಿರಿಟ್‌ನಲ್ಲಿ ಒರೆಸಿದ ಥರ್ಮಾಮೀಟರನ್ನು ನಡುವಿಗೇ ಇಳಿಸಿ, 30 ಡಿಗ್ರಿಗಿಂತ ಕೆಳಗೆ ಇದ್ದರೆ ಮಾತ್ರ ಮುಂದುವರಿಯುತ್ತೇನೆ.

ಹಂತ 3: ಕ್ಯಾಲ್ಸಿಯಂ ಸ್ನಾನ

0.1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ಡಬ್ಬಿಯ ಲೇಬಲ್ ಓದಿ. ಡೈಹೈಡ್ರೇಟ್ ಆಗಿದ್ದರೆ ಲೀಟರ್‌ಗೆ 14.7 ಗ್ರಾಂ, ಅನ್‌ಹೈಡ್ರಸ್ ಆಗಿದ್ದರೆ 11.1 ಗ್ರಾಂ. ಇದು ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ, ತೂಕ ಮಾಡಿ ತಕ್ಷಣ ಮುಚ್ಚಿ. ದ್ರಾವಣವನ್ನು ಆಟೋಕ್ಲೇವ್ ಮಾಡಿ ತಣಿಸಿಡಿ. 100 ಮಿ.ಲೀ. ಮಿಶ್ರಣಕ್ಕೆ ಅರ್ಧ ಲೀಟರ್ ಆದರೂ ಇರಲಿ.

ಹಂತ 4: ಮಣಿ ಬೀಳಿಸುವುದು

ಲ್ಯಾಮಿನಾರ್ ಫ್ಲೋ ಒಳಗೆ 90 ಮಿ.ಲೀ. ಆಲ್ಜಿನೇಟ್‌ಗೆ 10 ಮಿ.ಲೀ. ಬ್ಯಾಕ್ಟೀರಿಯಾ ಸೇರಿಸಿ. ನಿಧಾನವಾಗಿ ಕಲಕಿ, ನೊರೆ ಬರಬಾರದು. ಈಗ ಮಿ.ಲೀ.ಗೆ ಸುಮಾರು 100 ಕೋಟಿ ಇದೆ. ಸಿರಿಂಜ್‌ಗೆ ತುಂಬಿ, ಸೂಜಿ ಹಾಕಿ, ಕ್ಯಾಲ್ಸಿಯಂ ಬೀಕರ್‌ನ ಮೇಲೆ ನೇರವಾಗಿ ಹಿಡಿಯಿರಿ. ಬೀಕರ್‌ನಲ್ಲಿ ಸ್ಟಿರರ್ ತೀರಾ ನಿಧಾನ ತಿರುಗುತ್ತಿರಲಿ, ಬಿದ್ದ ಮಣಿ ಒಂದಕ್ಕೊಂದು ಅಂಟದಷ್ಟು ಸಾಕು.

ಮನೆಯಲ್ಲಿ ಬೂಂದಿ ಕರಿದವರಿಗೆ ಇದು ಬೇಗ ಕೈಗೆ ಕೂರುತ್ತದೆ. ಹಿಟ್ಟು ನೀರಾದರೆ ಬೂಂದಿ ಚಪ್ಪಟೆ, ಗಟ್ಟಿಯಾದರೆ ಬಾಲ. ಇಲ್ಲೂ ಅದೇ. ಸೂಜಿಯ ತುದಿಯಿಂದ ದ್ರಾವಣದ ಮಟ್ಟಕ್ಕೆ 8-10 ಸೆಂ.ಮೀ. ಎತ್ತರದಿಂದ ಶುರು ಮಾಡಿ. ಮಣಿಗೆ ಗೊದಮೊಟ್ಟೆಯ ಹಾಗೆ ಬಾಲ ಬಂದರೆ ಎತ್ತರ ಸ್ವಲ್ಪ ಹೆಚ್ಚಿಸಿ, ಬೀಳುವಾಗ ಹನಿ ದುಂಡಗಾಗಲು ಸಮಯ ಸಿಗುತ್ತದೆ. ಬಿಲ್ಲೆಯ ಹಾಗೆ ಚಪ್ಪಟೆಯಾದರೆ ಎತ್ತರ ಜಾಸ್ತಿಯಾಗಿದೆ, ಇಳಿಸಿ. ಹನಿ ಬದಲು ದಾರ ಬಂದರೆ ನೀವು ಪಿಸ್ಟನ್ ಜೋರಾಗಿ ಒತ್ತುತ್ತಿದ್ದೀರಿ.

ಮೊದಲ ಹನಿ ಬಿದ್ದಾಗ ಹತ್ತಿರದಿಂದ ನೋಡಿ. ಮೇಲ್ಮೈ ಮುಟ್ಟಿದ ಕ್ಷಣ ಹನಿಯ ಸುತ್ತ ಒಂದು ತೆಳು ಸಿಪ್ಪೆ ಕಟ್ಟುತ್ತದೆ. ಒಳಗೆ ಇನ್ನೂ ದ್ರವವೇ. ಅದು ಮುಳುಗಿ ತಳದಲ್ಲಿ ಉರುಳುತ್ತಿರುವಾಗ ಕ್ಯಾಲ್ಸಿಯಂ ಹೊರಗಿನಿಂದ ಒಳಕ್ಕೆ ಇಳಿಯುತ್ತಾ ಹೋಗುತ್ತದೆ. ಹೀಗಾಗಿ ಕೊನೆಯ ಹನಿ ಬಿದ್ದ ಮೇಲೆ 30 ನಿಮಿಷ ಬಿಡಲೇಬೇಕು. ಒಂದು ಮಣಿ ತೆಗೆದು ಬ್ಲೇಡ್‌ನಲ್ಲಿ ಎರಡು ಹೋಳು ಮಾಡಿ. ಒಳಗೆ ಲೋಳೆ ಇದ್ದರೆ ಇನ್ನೂ ಬಿಡಿ.

ಕೈ ನೋಯುತ್ತದೆ, ಸುಳ್ಳು ಹೇಳುವುದಿಲ್ಲ. 100 ಮಿ.ಲೀ. ಅಂದರೆ 12 ಸಾವಿರದಷ್ಟು ಹನಿ. ಇಬ್ಬರು ಸರದಿಯಲ್ಲಿ ಮಾಡಿ, ಸಿರಿಂಜ್ ಪಂಪ್ ಇದ್ದರೆ ಬಳಸಿ. ಮೊದಲ ಪ್ರಯತ್ನಕ್ಕೆ ಎಲ್ಲ ಅಳತೆಯನ್ನೂ ಐದನೇ ಒಂದಕ್ಕೆ ಇಳಿಸಿಕೊಂಡರೂ ತಪ್ಪಿಲ್ಲ.

ಜರಡಿಯಲ್ಲಿ ಸೋಸಿ, ಸ್ಟೆರೈಲ್ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಬೇಗ ತೊಳೆದು ತೆಗೆಯಿರಿ. ಫಾಸ್ಫೇಟ್ ಬಫರ್‌ನಲ್ಲಿ ಮಾತ್ರ ತೊಳೆಯಬೇಡಿ. ಲ್ಯಾಬ್‌ನಲ್ಲಿ ಏನೇ ತೊಳೆಯಲು ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರು) ತೆಗೆದುಕೊಳ್ಳುವುದು ನಮಗೆ ರೂಢಿ. ಇಲ್ಲಿ ಅದು ಮಣಿಯ ಕ್ಯಾಲ್ಸಿಯಂ ಎಳೆದುಕೊಂಡು ಮಣಿಯನ್ನು ಊದಿಸಿ ಕರಗಿಸುತ್ತದೆ. ಉಪ್ಪುನೀರಿನಲ್ಲಿ ಬಹಳ ಹೊತ್ತು ನೆನೆಸಿದರೂ ಮಣಿ ಉಬ್ಬುತ್ತದೆ, ಸೋಡಿಯಂ ಹೋಗಿ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ.

ತೊಳೆದ ಎಲ್ಲ ಮಣಿಯನ್ನೂ ತೂಕ ಮಾಡಿ ಬರೆದಿಡಿ. ಮುಂದಿನ ಲೆಕ್ಕಕ್ಕೆ ಬೇಕು.

ಹಂತ 5: ಮೇಲೊಂದು ಪದರ

ಬರೀ ಆಲ್ಜಿನೇಟ್ ಮಣಿ ಬಲೆಯ ಹಾಗೆ. ಬ್ಯಾಕ್ಟೀರಿಯಾ ಹೊರಗೆ ಹೋಗುವುದಿಲ್ಲ, ಆದರೆ ಆಮ್ಲ ಒಳಗೆ ನುಗ್ಗುತ್ತದೆ. ಅದಕ್ಕೇ ಮೇಲೆ ಕೈಟೊಸಾನ್ ಎಂಬ ಇನ್ನೊಂದು ವಸ್ತುವಿನ ಪದರ ಕೊಡುತ್ತಾರೆ. ಆಲ್ಜಿನೇಟ್‌ಗೆ ಋಣ ವಿದ್ಯುದಂಶ, ಕೈಟೊಸಾನ್‌ಗೆ ಧನ ವಿದ್ಯುದಂಶ, ತಾನಾಗಿಯೇ ಅಂಟಿಕೊಳ್ಳುತ್ತವೆ.

ಕಡಿಮೆ ಅಣುತೂಕದ ಕೈಟೊಸಾನ್ 0.4 ಗ್ರಾಂ ತೆಗೆದುಕೊಳ್ಳಿ. 90 ಮಿ.ಲೀ. ನೀರಿಗೆ 0.4 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲ ಸೇರಿಸಿ ಅದರಲ್ಲಿ ಕರಗಿಸಿ. ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ ಪಿಹೆಚ್ 5.7ರಿಂದ 6ಕ್ಕೆ ತನ್ನಿ. ಇದನ್ನು ಮರೆತರೆ ಕಾಪಾಡಲು ಹೊರಟ ಪದರವೇ ಆಮ್ಲದಿಂದ ಕೊಲ್ಲುತ್ತದೆ. 6 ದಾಟಿದರೂ ಕಷ್ಟ, ಕೈಟೊಸಾನ್ ಕದಡಿ ಕೆಳಗೆ ಕೂರುತ್ತದೆ. ಸೋಸಿ, 100 ಮಿ.ಲೀ. ಮಾಡಿ, ಆಟೋಕ್ಲೇವ್ ಮಾಡಿ. ತಣಿದ ದ್ರಾವಣಕ್ಕೆ 15 ಗ್ರಾಂ ಮಣಿ ಹಾಕಿ 40 ನಿಮಿಷ ಮೆಲ್ಲಗೆ ಅಲುಗಾಡಿಸಿ, ಮತ್ತೆ ತೊಳೆಯಿರಿ.

ಕೈಟೊಸಾನ್ ಹೆಚ್ಚಾಗಿ ಸಿಗಡಿ, ಏಡಿಯ ಚಿಪ್ಪಿನಿಂದ ಬರುತ್ತದೆ. ಉತ್ಪನ್ನ ಮಾಡುವ ಯೋಚನೆ ಇದ್ದರೆ ಇದನ್ನು ಮೊದಲೇ ಯೋಚಿಸಿ. ಸಸ್ಯಾಹಾರಿಗಳಿಗೆ ಆಗುವುದಿಲ್ಲ, ಸಿಗಡಿ ಅಲರ್ಜಿ ಇರುವವರಿದ್ದಾರೆ. ಶಿಲೀಂಧ್ರದಿಂದ ತೆಗೆದ ಕೈಟೊಸಾನ್ ಸಿಗುತ್ತದೆ, ಹಾಲೊಡಕಿನ ಪ್ರೋಟೀನ್ ಬಳಸುವವರೂ ಇದ್ದಾರೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಹಾಕುವ ಆಸೆ ಇದ್ದರೆ ಈ ತೀರ್ಮಾನ ಇವತ್ತೇ ಆಗಬೇಕು.

ಹಂತ 6: ಎಣಿಕೆ

ಮಣಿಯನ್ನು ಹಾಗೇ ಪ್ಲೇಟ್ ಮೇಲೆ ಹಾಕಿದರೆ 80 ಲಕ್ಷ ಬ್ಯಾಕ್ಟೀರಿಯಾ ಸೇರಿ ಒಂದೇ ಕಾಲೊನಿ ಆಗುತ್ತದೆ. ಮೊದಲು ಬಿಡಿಸಬೇಕು. 1 ಗ್ರಾಂ ಮಣಿಯನ್ನು 99 ಮಿ.ಲೀ. ಸ್ಟೆರೈಲ್ 1 ಶೇಕಡಾ ಸೋಡಿಯಂ ಸಿಟ್ರೇಟ್‌ಗೆ ಹಾಕಿ. ಅದರ ಪಿಹೆಚ್ 6ರಿಂದ 7ರ ನಡುವೆ ಇರಲಿ. ಹತ್ತು ನಿಮಿಷ ಅಲುಗಾಡಿಸಿ. ಸಿಟ್ರೇಟ್ ಕ್ಯಾಲ್ಸಿಯಂ ಕಸಿದುಕೊಳ್ಳುತ್ತದೆ, ಮಣಿ ಕರಗುತ್ತದೆ. ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಚೂರೂ ಉಳಿದಿರಬಾರದು. ಕೈಟೊಸಾನ್ ಹಾಕಿದ್ದರೆ ಇನ್ನಷ್ಟು ಹೊತ್ತು ಬೇಕಾಗುತ್ತದೆ, ಪೊರೆಯ ಚೂರು ಕಂಡರೆ ಸ್ಟೆರೈಲ್ ಗಾಜಿನ ಮಣಿ ಹಾಕಿ ವೊರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲುಗಾಡಿಸಿ.

ಆಮೇಲೆ ಹತ್ತರ ಪಟ್ಟಿನಲ್ಲಿ ತೆಳು ಮಾಡುತ್ತಾ ಹೋಗಿ, ಎಂಆರ್‌ಎಸ್ ಅಗಾರ್‌ನಲ್ಲಿ ಪೋರ್ ಪ್ಲೇಟ್ ಮಾಡಿ (ಕರಗಿದ ಅಗಾರ್ ಜೊತೆ ಬೆರೆಸಿ ತಟ್ಟೆಗೆ ಸುರಿಯುವುದು), 37 ಡಿಗ್ರಿಯಲ್ಲಿ 48ರಿಂದ 72 ಗಂಟೆ ಬಿಡಿ. 30ರಿಂದ 300 ಕಾಲೊನಿ ಇರುವ ಪ್ಲೇಟ್ ಮಾತ್ರ ಎಣಿಸಿ. ಒಂದು ಕೋಟಿ ಪಟ್ಟು ತೆಳು ಮಾಡಿ 1 ಮಿ.ಲೀ. ಹಾಕಿದ ಪ್ಲೇಟ್‌ನಲ್ಲಿ 80 ಕಾಲೊನಿ ಬಂದರೆ ಗ್ರಾಂಗೆ 80 ಕೋಟಿ ಎಂದಾಯಿತು.

ಈಗ ಲೆಕ್ಕ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಟ್ಟು ಹಾಕಿದ್ದು 10,000 ಕೋಟಿ. ಮಣಿಗಳ ಒಟ್ಟು ತೂಕ 80 ಗ್ರಾಂ. ಗ್ರಾಂಗೆ 80 ಕೋಟಿ ಇದ್ದರೆ ಒಟ್ಟು 6,400 ಕೋಟಿ. ಅಂದರೆ 64 ಶೇಕಡಾ ಬದುಕಿ ಒಳಗೆ ಸೇರಿವೆ.

ಇದೇ ಅಂಕಿಯನ್ನು ಲಾಗ್‌ನಲ್ಲಿ (ಹತ್ತರ ಎಷ್ಟನೇ ಘಾತ ಎಂಬ ಲೆಕ್ಕದಲ್ಲಿ) ಬರೆದು ಭಾಗಿಸಿದರೆ 10.8 ಭಾಗ 11, ಅಂದರೆ 98 ಶೇಕಡಾ! ಎಷ್ಟೋ ಪ್ರಾಜೆಕ್ಟ್ ವರದಿಗಳಲ್ಲಿ ‘98 ಶೇಕಡಾ ದಕ್ಷತೆ’ ಎಂದು ಬರುವುದು ಹೀಗೆ. ಮೂರನೇ ಒಂದು ಪಾಲಿಗಿಂತ ಹೆಚ್ಚು ಸತ್ತಿವೆ, ಓದುವವರಿಗೆ ಒಂದೂ ಸತ್ತಿಲ್ಲ ಅನ್ನಿಸುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ಲಾಗ್ ಬಳಸಿ, ಆದರೆ ‘0.2 ಲಾಗ್ ಕಡಿಮೆಯಾಯಿತು’ ಎಂದು ಬರೆಯಿರಿ. ಶೇಕಡಾ ಬೇಕಿದ್ದರೆ ನಿಜವಾದ ಸಂಖ್ಯೆಯಿಂದ ತೆಗೆಯಿರಿ.

ಹಂತ 7: ಆಮ್ಲ ಮತ್ತು ಪಿತ್ತದ ಪರೀಕ್ಷೆ

ಕೃತಕ ಜಠರರಸಕ್ಕೆ 100 ಮಿ.ಲೀ. ನೀರಿಗೆ 0.2 ಗ್ರಾಂ ಉಪ್ಪು, 0.32 ಗ್ರಾಂ ಪೆಪ್ಸಿನ್, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಹೆಚ್ 2. ಪೆಪ್ಸಿನ್ ಆಟೋಕ್ಲೇವ್ ತಡೆಯುವುದಿಲ್ಲ, ಫಿಲ್ಟರ್ ಮಾಡಿಯೇ ಸ್ಟೆರೈಲ್ ಮಾಡಬೇಕು. 9 ಮಿ.ಲೀ. ರಸ ಇರುವ ಟ್ಯೂಬ್‌ಗಳಿಗೆ 1 ಗ್ರಾಂ ಮಣಿ ಹಾಕಿ 37 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಇಡಿ. 0, 30, 60, 120 ನಿಮಿಷಕ್ಕೆ ಒಂದೊಂದು ಟ್ಯೂಬ್ ತೆಗೆಯಿರಿ. ಪಕ್ಕದಲ್ಲೇ ಕವಚವಿಲ್ಲದ ಬ್ಯಾಕ್ಟೀರಿಯಾಗೂ ಇದೇ ಪರೀಕ್ಷೆ, ಶುರುವಿನ ಸಂಖ್ಯೆ ಎರಡಕ್ಕೂ ಹತ್ತಿರ ಹತ್ತಿರ ಇರಬೇಕು. ಈ ಹೋಲಿಕೆ ಇಲ್ಲದಿದ್ದರೆ ಉಳಿಸಿದ್ದು ಕವಚವೋ, ತಳಿಯೇ ಗಟ್ಟಿಯೋ ಹೇಳಲು ಆಗುವುದಿಲ್ಲ.

ಆಮ್ಲದಲ್ಲಿ ಮಣಿ ಕುಗ್ಗಿ ಗಟ್ಟಿಯಾಗುತ್ತದೆ. ಆಮೇಲೆ ಸಿಟ್ರೇಟ್‌ನಲ್ಲಿ ಕರಗಲು ಮೊದಲಿಗಿಂತ ಜಾಸ್ತಿ ಹೊತ್ತು ಬೇಕು. ಹತ್ತೇ ನಿಮಿಷಕ್ಕೆ ತೆಗೆದರೆ ಬದುಕಿದ್ದವೂ ಮಣಿಯೊಳಗೇ ಉಳಿದು, ಸತ್ತವರ ಲೆಕ್ಕಕ್ಕೆ ಸೇರುತ್ತವೆ. ಹೋದ ಬ್ಯಾಚ್‌ನ ಒಬ್ಬ ಹುಡುಗಿ ಈ ಕಾರಣಕ್ಕೇ ತನ್ನ ಮಣಿ ಕೆಲಸ ಮಾಡಿಲ್ಲ ಎಂದು ಒಂದು ವಾರ ಸಪ್ಪಗಿದ್ದಳು. ಫ್ಲಾಸ್ಕ್‌ನ ತಳದಲ್ಲಿ ಸಾಸಿವೆಯಷ್ಟು ಸಣ್ಣ ಚೂರುಗಳು ಉಳಿದಿದ್ದವು. ಪೂರ್ತಿ ಕರಗಿಸಿ ಮತ್ತೆ ಎಣಿಸಿದಾಗ ಅವಳ ಮುಖ ನೋಡಬೇಕಿತ್ತು.

ಜಠರ ಮುಗಿದ ಮೇಲೆ ಕರುಳು. 0.3ರಿಂದ 1 ಶೇಕಡಾ ಪಿತ್ತಲವಣ ಇರುವ, ಪಿಹೆಚ್ 7ರ ಆಸುಪಾಸಿನ ದ್ರಾವಣದಲ್ಲಿ ಎರಡು ಗಂಟೆ. ಇದನ್ನು ಫಾಸ್ಫೇಟ್ ಬಫರ್‌ನಲ್ಲಿ ಮಾಡಿದರೆ ಮಣಿ ಕರಗುವುದು ಪಿತ್ತದಿಂದಲ್ಲ, ಫಾಸ್ಫೇಟ್‌ನಿಂದ. ಬರೆಯುವಾಗ ಇದನ್ನು ಹೇಳಿ. ಬೇರೆಯವರ ಫಲಿತಾಂಶದ ಜೊತೆ ಹೋಲಿಸುವ ಉದ್ದೇಶವಿದ್ದರೆ ಇನ್ಫೊಜೆಸ್ಟ್ ಎಂಬ ಅಂತರರಾಷ್ಟ್ರೀಯ ವಿಧಾನ ಅನುಸರಿಸಿ. ಅದು 2014ರಲ್ಲಿ ಬಂತು, 2019ರಲ್ಲಿ ಪರಿಷ್ಕರಣೆಯಾಯಿತು. ಅದರಲ್ಲಿ ಜಠರದ ಪಿಹೆಚ್ 3, ಊಟದ ಜೊತೆಗಿನ ಹೊಟ್ಟೆಗೆ ಹತ್ತಿರ.

ಹಂತ 8: ಒಣಗಿಸಿ ಇಡುವುದು

ಹಸಿ ಮಣಿಯನ್ನು ಫ್ರಿಜ್‌ನಲ್ಲಿ ಕೆಲವು ವಾರ ಇಡಬಹುದು. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಒಣಗಿಸಬೇಕು. ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಉಳಿಯುತ್ತಿದ್ದದ್ದು ಒಣಗಿದ್ದರಿಂದ ತಾನೇ? ತೇವ ಸೇರಿದರೆ ಕಾಳಿಗೂ ಉಳಿವಿಲ್ಲ, ಒಣ ಮಣಿಗೂ ಇಲ್ಲ.

ಫ್ರೀಜ್ ಡ್ರೈಯರ್ ಇದ್ದರೆ ಅದೇ ಒಳ್ಳೆಯದು. ಆದರೆ ಹೆಪ್ಪುಗಟ್ಟುವಾಗ ಐಸ್ ಹರಳು ಕೋಶದ ಪೊರೆ ಹರಿಯುತ್ತದೆ. ಅದಕ್ಕೆ ಮೊದಲು ಮಣಿಗಳನ್ನು 10 ಶೇಕಡಾ ಕೆನೆ ತೆಗೆದ ಹಾಲಿನ ಪುಡಿಯ ದ್ರಾವಣದಲ್ಲೋ ಟ್ರೆಹಲೋಸ್ ಸಕ್ಕರೆಯಲ್ಲೋ ಅರ್ಧ ಗಂಟೆ ನೆನೆಸಿ. ನೀರು ಹೋದ ಜಾಗದಲ್ಲಿ ಸಕ್ಕರೆ ನಿಂತು ಪೊರೆಯನ್ನು ಹಿಡಿದಿಡುತ್ತದೆ. ಮೈನಸ್ 80ರಲ್ಲಿ ಹೆಪ್ಪುಗಟ್ಟಿಸಿ, 24ರಿಂದ 48 ಗಂಟೆ ಒಣಗಿಸಿ. ವಾಟರ್ ಆಕ್ಟಿವಿಟಿ (ಸೂಕ್ಷ್ಮಜೀವಿಗೆ ಸಿಗುವ ನೀರಿನ ಅಳತೆ) 0.25ಕ್ಕಿಂತ ಕೆಳಗಿರಲಿ. ಅಲ್ಯುಮಿನಿಯಂ ಪೌಚ್‌ನಲ್ಲಿ ಸಿಲಿಕಾ ಜೆಲ್ ಜೊತೆ ಸೀಲ್ ಮಾಡಿ 4 ಡಿಗ್ರಿಯಲ್ಲಿಡಿ.

ಉಳಿದ ದಾರಿಗಳು, ಚಿಕ್ಕದಾಗಿ

ಸಣ್ಣ ಮಣಿ ಬೇಕಿದ್ದರೆ ಎಮಲ್ಶನ್. 20 ಮಿ.ಲೀ. ಆಲ್ಜಿನೇಟ್-ಬ್ಯಾಕ್ಟೀರಿಯಾ ಮಿಶ್ರಣವನ್ನು ಸ್ವಲ್ಪ ಟ್ವೀನ್ 80 (ಎಣ್ಣೆ-ನೀರು ಬೆರೆಯಲು ನೆರವಾಗುವ ವಸ್ತು) ಬೆರೆಸಿದ 100 ಮಿ.ಲೀ. ಸೂರ್ಯಕಾಂತಿ ಎಣ್ಣೆಯಲ್ಲಿ 20 ನಿಮಿಷ ಕಲಕಿ, ಬೀಕರ್‌ನ ಅಂಚಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ಸುರಿಯಬೇಕು. ಮಣಿ ತಳಕ್ಕೆ ಇಳಿಯುತ್ತದೆ. ಗಾತ್ರ ಒಂದೇ ಸಮ ಬರುವುದಿಲ್ಲ, ಎಣ್ಣೆ ತೊಳೆಯುವುದೇ ದೊಡ್ಡ ಕೆಲಸ.

ಕಾರ್ಖಾನೆಗೆ ಸ್ಪ್ರೇ ಡ್ರೈಯಿಂಗ್, ಅಂದರೆ ಬಿಸಿ ಗಾಳಿಗೆ ಸಣ್ಣ ಹನಿಯಾಗಿ ಸಿಂಪಡಿಸಿ ಒಣಗಿಸುವುದು, ಅಗ್ಗ. ಒಳಬರುವ ಗಾಳಿ 150 ಡಿಗ್ರಿ ದಾಟಿದರೂ ಹನಿ ತಕ್ಷಣ ಅಷ್ಟು ಬಿಸಿಯಾಗುವುದಿಲ್ಲ. ನೀರು ಆವಿಯಾಗುವಾಗ ಹನಿ ತಂಪಾಗಿಯೇ ಇರುತ್ತದೆ, ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಂಪಾಗುವ ಹಾಗೆ. ಸಾವು ಬರುವುದು ಒಣಗಿದ ಮೇಲೆ. ಆದ್ದರಿಂದ ಹೊರಹೋಗುವ ಗಾಳಿಯ ಉಷ್ಣತೆ ನೋಡಿ, 70 ಡಿಗ್ರಿ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೆ ಹಿಡಿದಿಡಿ.

ಯಾವ ಆಹಾರಕ್ಕೆ ಹಾಕುತ್ತೀರಿ?

ಇದನ್ನು ಕೊನೆಯಲ್ಲಿ ಬರೆದಿದ್ದೇನೆ, ಆದರೆ ಯೋಚಿಸಬೇಕಾದ್ದು ಮೊದಲೇ. ಸುಮಾರು 100 ಮೈಕ್ರಾನ್‌ಗಿಂತ ದೊಡ್ಡ ಕಣ ನಾಲಿಗೆಗೆ ಮರಳು ಮರಳಾಗಿ ತಗಲುತ್ತದೆ. ಅದಕ್ಕಿಂತ ಸಣ್ಣದು ಮಾಡಿದರೆ ಆಮ್ಲ ನಡುವಿನವರೆಗೆ ಬೇಗ ಮುಟ್ಟುತ್ತದೆ, ರಕ್ಷಣೆ ಕಡಿಮೆ. ನುಣ್ಣನೆಯ ಮೊಸರಿನಲ್ಲಿ ನಮ್ಮ ಎರಡೂವರೆ ಮಿ.ಮೀ. ಮಣಿ ಕಲ್ಲು ಸಿಕ್ಕ ಹಾಗಾಗುತ್ತದೆ. ಅದೇ ಮಣಿ ಸಬ್ಬಕ್ಕಿಯೋ ಕಾಮಕಸ್ತೂರಿ ಬೀಜವೋ ಇರುವ ತಣ್ಣನೆಯ ಫಲೂದಾದಂಥ ತಿನಿಸಿನಲ್ಲಿ ಗೊತ್ತೇ ಆಗುವುದಿಲ್ಲ. ಬಿಸಿ ಹಾಲು, ಬಿಸಿ ಗಂಜಿಗೆ ಯಾವ ಕವಚದ ಮಣಿಯನ್ನೂ ಹಾಕಲೇಬೇಡಿ. ಸಿಟ್ರೇಟ್ ಸೇರಿಸಿದ ಪಾನೀಯದಲ್ಲಿ ಮಣಿ ಬಾಟಲಿಯೊಳಗೇ ಮೆತ್ತಗಾಗಬಹುದು, ಯಾಕೆ ಅಂತ ಈಗ ನಿಮಗೆ ಗೊತ್ತು.

ಯಾವುದಕ್ಕೇ ಹಾಕಿ, ಹಾಕಿದ ದಿನ, ಒಂದು ವಾರಕ್ಕೆ, ಎರಡು ವಾರಕ್ಕೆ, ನಾಲ್ಕು ವಾರಕ್ಕೆ ಮಣಿ ತೆಗೆದು ಕರಗಿಸಿ ಎಣಿಸಿ. ಇಡುವಾಗಲೇ ನಾಲ್ಕು ಬೇರೆ ಬೇರೆ ಡಬ್ಬಿಯಲ್ಲಿಡಿ. ಒಂದೇ ಡಬ್ಬಿಯನ್ನು ಪದೇ ಪದೇ ತೆರೆದರೆ ಪ್ರತಿ ಸಲ ತೇವ ಮತ್ತು ಗಾಳಿ ಒಳಗೆ ಹೋಗುತ್ತವೆ, ನಾಲ್ಕನೇ ವಾರದ ಅಂಕಿ ಡಬ್ಬಿಯದ್ದಾಗುತ್ತದೆ, ಮಣಿಯದ್ದಲ್ಲ. ಡಬ್ಬಿಯ ಮೇಲೆ ತಳಿ, ತಾರೀಕು, ಗ್ರಾಂಗೆ ಎಷ್ಟು ಎಂಬ ಮೊದಲ ದಿನದ ಸಂಖ್ಯೆ ಬರೆಯಿರಿ. ಫ್ರಿಜ್‌ನ ತೇವಕ್ಕೆ ಪೆನ್ನಿನ ಇಂಕ್ ಅಳಿಸಿಹೋಗುತ್ತದೆ, ಪೆನ್ಸಿಲ್‌ನಲ್ಲಿ ಬರೆದು ಮೇಲೆ ಟೇಪ್ ಅಂಟಿಸಿ.